ಹಳೆ ಸಾಮಾನಿಗೆ ಎಐ ಬರೆಯುವ ವಿವರಣೆ: ಐಬು ಹೇಳುವವರು ಯಾರು?

ವಾರ್ಷಿಕ ಪರೀಕ್ಷೆ ಮುಗಿಯುತ್ತಿದ್ದಂತೆ ನಮ್ಮ ಕಾಲೇಜಿನ ವಿದ್ಯಾರ್ಥಿಗಳ ನಡುವೆ ಒಂದು ಸಣ್ಣ ಮಾರುಕಟ್ಟೆ ಶುರುವಾಗುತ್ತದೆ. ದ್ವಿತೀಯ ಪಿಯುಸಿ ಮುಗಿಸಿದವರು ಪಠ್ಯಪುಸ್ತಕ, ಗೈಡು, ಸೈಕಲ್, ಓದುವ ಮೇಜು, ಹಳೆಯ ಮೊಬೈಲ್ ಮಾರುತ್ತಾರೆ. ಪ್ರಥಮ ಪಿಯುಸಿಯವರು ಕೊಳ್ಳುತ್ತಾರೆ. ಹಿಂದೆ ಇದೆಲ್ಲ ಬಾಯಿಮಾತಿನಲ್ಲೇ ನಡೆಯುತ್ತಿತ್ತಂತೆ. ಈಗ ವಾಟ್ಸಾಪ್ ಗುಂಪುಗಳಿವೆ, ಒಎಲ್‌ಎಕ್ಸ್ ಇದೆ, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ಇದೆ. ಇವುಗಳಲ್ಲಿ ಫೋಟೊದ ಕೆಳಗೆ ನಾಲ್ಕು ಸಾಲು ವಿವರಣೆ ಬರೆಯಬೇಕಾಗುತ್ತದೆ. ಆ ನಾಲ್ಕು ಸಾಲನ್ನು ಬರೆದುಕೊಡಲು ಚಾಟ್‌ಜಿಪಿಟಿ, ಜೆಮಿನಿಯಂತಹ ಕೃತಕ ಬುದ್ಧಿಮತ್ತೆಯ ಸಾಧನಗಳಿಗೆ, ಅಂದರೆ ಎಐಗೆ ಹೇಳುವುದು ಈಗ ಸಾಮಾನ್ಯ.

ಇದು ತಪ್ಪೇ? ಅಲ್ಲ. ಆದರೆ ಎಐಗೆ ಯಾವ ಕೆಲಸ ಕೊಡಬೇಕು, ಯಾವುದನ್ನು ಕೊಡಬಾರದು ಎಂಬುದು ಗೊತ್ತಿರಬೇಕು. ವಾಣಿಜ್ಯ ವಿಭಾಗದ ನಮಗೆ ತರಗತಿಯಲ್ಲಿ ಸಿಗುವ ಪಾಠಗಳೇ ಇದಕ್ಕೆ ಸಾಕಷ್ಟು ಉತ್ತರ ಕೊಡುತ್ತವೆ. ಬೇರೆ ವಿಭಾಗದವರಿಗೂ ಉಪಯೋಗವಾಗಲಿ ಎಂದು ಅದನ್ನು ಇಲ್ಲಿ ಸರಳವಾಗಿ ಬರೆದಿದ್ದೇನೆ.

ಎಐ ಹೇಗೆ ಬರೆಯುತ್ತದೆ?

ಎಐ ಅಪಾರ ಪ್ರಮಾಣದ ಬರಹವನ್ನು ಓದಿ ಕಲಿತ ಯಂತ್ರ. ಒಂದು ಪದದ ನಂತರ ಯಾವ ಪದ ಬರುವ ಸಾಧ್ಯತೆ ಹೆಚ್ಚು ಎಂದು ಲೆಕ್ಕ ಹಾಕುತ್ತಾ ಅದು ವಾಕ್ಯ ಕಟ್ಟುತ್ತದೆ. ಅದು ಓದಿರುವ ಮಾರಾಟದ ಬರಹಗಳಲ್ಲಿ ಬಹುಪಾಲು ಜಾಹೀರಾತಿನ ಧಾಟಿಯವು. ಆದ್ದರಿಂದ "ಹಳೆಯ ಸೈಕಲ್ ಮಾರಾಟಕ್ಕಿದೆ, ವಿವರಣೆ ಬರೆದುಕೊಡು" ಎಂದಷ್ಟೇ ಹೇಳಿದರೆ, ಸೈಕಲ್ ಬಗ್ಗೆ ಜಾಹೀರಾತುಗಳು ಏನು ಹೇಳುತ್ತವೆಯೋ ಅದನ್ನೇ ಹೇಳುತ್ತದೆ. ಚೆನ್ನಾಗಿ ನೋಡಿಕೊಂಡಿದ್ದಾರೆ, ಬ್ರೇಕ್ ಗಟ್ಟಿಯಾಗಿದೆ, ದಿನನಿತ್ಯದ ಓಡಾಟಕ್ಕೆ ಹೇಳಿ ಮಾಡಿಸಿದಂತಿದೆ ಎಂದೆಲ್ಲ ಬರೆಯುತ್ತದೆ. ಅದು ಆ ಸೈಕಲ್ಲನ್ನು ನೋಡಿಲ್ಲ. ಬ್ರೇಕ್ ಹಿಡಿದು ನೋಡಿಲ್ಲ. ಖಾಲಿ ಬಿಟ್ಟ ಜಾಗವನ್ನು ನಂಬುವಂಥ ಮಾತಿನಿಂದ ತುಂಬಿಸುವುದು ಅದರ ಸ್ವಭಾವ.

ಫೋಟೊ ಕೊಟ್ಟರೆ ನೋಡಿ ಬರೆಯುವ ಸೌಲಭ್ಯವೂ ಬಂದಿದೆ. ಅಮೆರಿಕದ ಇಬೇ ಕಂಪನಿ 2023ರಲ್ಲಿ ತನ್ನ ಮಾರಾಟಗಾರರಿಗಾಗಿ ಇಂಥ ಸೌಲಭ್ಯ ತಂದಿತು. ಫೋಟೊ ತೆಗೆದರೆ ಶೀರ್ಷಿಕೆ, ವಿವರಣೆ ಎಲ್ಲವನ್ನೂ ಅದೇ ಸೂಚಿಸುತ್ತದೆ. ಆದರೆ ಫೋಟೊದಲ್ಲಿ ಕಾಣುವುದು ಮೇಲಿನ ಬಣ್ಣ ಮಾತ್ರ. ಮೊಬೈಲ್ ಎರಡು ಗಂಟೆಗೆ ಚಾರ್ಜ್ ಕಳೆದುಕೊಳ್ಳುತ್ತದೆ, ಕೂಲರ್ ರಾತ್ರಿ ಸದ್ದು ಮಾಡುತ್ತದೆ, ಪುಸ್ತಕದ ಮಧ್ಯದಲ್ಲಿ 12 ಪುಟ ಹೋಗಿವೆ ಎಂಬುದು ಫೋಟೊಗೆ ಗೊತ್ತಿಲ್ಲ. ಬಳಸಿದವರಿಗೆ ಮಾತ್ರ ಗೊತ್ತು.

ಒಂದು ಹೊಲಿಗೆ ಮಷೀನಿನ ಉದಾಹರಣೆ

ನಮ್ಮ ಖಾಲಾ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಹೊಸ ಮಷೀನ್ ಬಂದ ಮೇಲೆ ಹಳೆಯದನ್ನು ಮಾರಲು ನಿರ್ಧರಿಸಿದರು. ಅವರಿಗೆ ಕನ್ನಡ ಮಾತಾಡಲು ಬರುತ್ತದೆ, ಬರೆಯಲು ಅಷ್ಟು ಅಭ್ಯಾಸವಿಲ್ಲ. ವಿವರಣೆ ಬರೆಯುವ ಕೆಲಸ ನನಗೆ ಬಂತು. ಎಐ ಏನು ಮಾಡುತ್ತದೆ ನೋಡೋಣ ಎಂದು ಮೊದಲು ಒಂದೇ ಸಾಲು ಕೊಟ್ಟೆ: ಮೋಟಾರ್ ಇರುವ ಹಳೆಯ ಹೊಲಿಗೆ ಮಷೀನ್ ಮಾರಾಟಕ್ಕಿದೆ. ಬಂದ ಉತ್ತರ ಇದು:

"ಅತ್ಯುತ್ತಮ ಸ್ಥಿತಿಯಲ್ಲಿರುವ ಹೊಲಿಗೆ ಯಂತ್ರ! ತೆಳು ರೇಷ್ಮೆಯಿಂದ ದಪ್ಪ ಜೀನ್ಸ್‌ವರೆಗೆ ಎಲ್ಲ ಬಗೆಯ ಬಟ್ಟೆಗಳಿಗೂ ಸೂಕ್ತ. ಸದ್ದಿಲ್ಲದ ಶಕ್ತಿಶಾಲಿ ಮೋಟಾರ್. ನಿಯಮಿತವಾಗಿ ಸರ್ವಿಸ್ ಮಾಡಿಸಲಾಗಿದೆ. ನಿಮ್ಮ ಸೃಜನಶೀಲ ಪಯಣಕ್ಕೆ ಆದರ್ಶ ಸಂಗಾತಿ!"

ಓದಿ ಹೇಳಿದಾಗ ಖಾಲಾ ನಕ್ಕರು. ಆಮೇಲೆ "ಯೇ ಕೌನ್ ಬೋಲೇ?" ಎಂದರು. ಇದನ್ನು ಯಾರು ಹೇಳಿದ್ದು? ಜೀನ್ಸ್ ಹಾಕಿದರೆ ಈ ಮಷೀನಿನಲ್ಲಿ ಹೊಲಿಗೆ ತಪ್ಪುತ್ತದೆ. ಸರ್ವಿಸ್ ಮಾಡಿಸಿದ್ದು ಕೆಟ್ಟಾಗ ಮಾತ್ರ. ಆ ನಾಲ್ಕು ಸಾಲಿನಲ್ಲಿ ನಾವು ಹೇಳಿದ ಮಾತು ಒಂದೇ, ಮೋಟಾರ್ ಇದೆ ಎಂಬುದು. ಉಳಿದದ್ದೆಲ್ಲ ಯಂತ್ರ ತಾನೇ ಸೇರಿಸಿದ್ದು.

ಹಾಗಾಗಿ ಕ್ರಮ ಬದಲಾಯಿಸಿದೆವು. ಖಾಲಾ ಮನೆಯ ದಖನಿ ಉರ್ದುವಿನಲ್ಲೇ ಒಂದೊಂದಾಗಿ ಹೇಳಿದರು, ನಾನು ಕಾಗದದ ಮೇಲೆ ಬರೆದುಕೊಂಡೆ. ಅಷ್ಟನ್ನೂ ಎಐಗೆ ಕೊಟ್ಟು, "ಇದರಲ್ಲಿ ಇರುವುದನ್ನು ಮಾತ್ರ ಸರಳ ಕನ್ನಡದಲ್ಲಿ ಬರೆ, ಏನನ್ನೂ ಸೇರಿಸಬೇಡ, ಹೊಗಳಬೇಡ" ಎಂದು ಹೇಳಿದೆ. ಬಂದದ್ದರಲ್ಲಿ ಎರಡು ಪದ ತಿದ್ದಿದ ಮೇಲೆ ಹೀಗಾಯಿತು:

"ಮೋಟಾರ್ ಜೋಡಿಸಿದ ಹೊಲಿಗೆ ಮಷೀನ್, ಮೇಜು ಸಮೇತ. 2016ರಲ್ಲಿ ಕೊಂಡದ್ದು. ಒಬ್ಬರೇ ಬಳಸಿದ್ದು. ಮೋಟಾರ್ ಹಾಕಿಸಿ 2 ವರ್ಷವಾಗಿದೆ. ಬೆಲ್ಟ್ ಹೊಸದು. ಹತ್ತಿ, ಪಾಲಿಯೆಸ್ಟರ್, ಬ್ಲೌಸ್ ಬಟ್ಟೆ ಚೆನ್ನಾಗಿ ಹೊಲಿಯುತ್ತದೆ. ಜೀನ್ಸ್‌ನಂಥ ದಪ್ಪ ಬಟ್ಟೆಯಲ್ಲಿ ಹೊಲಿಗೆ ತಪ್ಪುತ್ತದೆ. ಮೇಜಿನ ಎಡ ಮೂಲೆಯಲ್ಲಿ ಪ್ಲೈ ಎದ್ದಿದೆ, ಫೋಟೊ ನೋಡಿ. ಬಿಲ್ ಇಲ್ಲ. ನಿಮ್ಮದೇ ಬಟ್ಟೆ ತಂದು ಹೊಲಿದು ನೋಡಿ ಕೊಳ್ಳಬಹುದು."

ಇದನ್ನು ಓದಿ ಫೋನ್ ಮಾಡಿದವರಲ್ಲಿ ಒಬ್ಬರಿಗೆ ಪ್ಯಾಂಟ್ ಆಲ್ಟರೇಷನ್ ಕೆಲಸಕ್ಕೆ ಮಷೀನ್ ಬೇಕಿತ್ತು. "ಹಾಗಾದರೆ ನಮಗೆ ಆಗುವುದಿಲ್ಲ ಅಕ್ಕ" ಎಂದು ಎರಡೇ ನಿಮಿಷದಲ್ಲಿ ಮಾತು ಮುಗಿಸಿದರು. ಅವರಿಗೆ ಬಸ್ ಖರ್ಚು ಉಳಿಯಿತು, ನಮಗೆ ಜಗಳ ಉಳಿಯಿತು. ಕೊನೆಗೆ ಬ್ಲೌಸ್ ಹೊಲಿಯುವ, ಸೀರೆಗೆ ಫಾಲ್ಸ್ ಹಚ್ಚುವ ಒಬ್ಬ ಮಹಿಳೆ ಬಟ್ಟೆ ತುಂಡಿನ ಜೊತೆ ಬಂದು ಹೊಲಿದು ನೋಡಿ ಕೊಂಡುಹೋದರು. ಒಂದು ವೇಳೆ ಮೊದಲ ವಿವರಣೆಯನ್ನೇ ಹಾಕಿದ್ದರೆ? ಸಾಲ ಮಾಡಿ ಮಷೀನ್ ಕೊಂಡು ಜೀನ್ಸ್ ಕೆಲಸ ಒಪ್ಪಿಕೊಳ್ಳುವ ಯಾರದೋ ಒಂದು ತಿಂಗಳ ದುಡಿಮೆ ಹಾಳಾಗುತ್ತಿತ್ತು. ಸೆಕೆಂಡ್‌ಹ್ಯಾಂಡ್ ಕೊಳ್ಳುವವರಲ್ಲಿ ಹೆಚ್ಚಿನವರು ಹೊಸದು ಕೊಳ್ಳಲು ಹಣ ಸಾಲದವರು ಎಂಬುದನ್ನು ಮರೆಯಬಾರದು.

ಈ ಉದಾಹರಣೆಯಲ್ಲಿ ಎಐ ಮಾಡಿದ ನಿಜವಾದ ಉಪಕಾರವೂ ಇದೆ. ಮನೆಯಲ್ಲಿ ಒಂದು ಭಾಷೆ, ಕೊಳ್ಳುವವರದು ಇನ್ನೊಂದು ಭಾಷೆ ಇರುವ ನಮ್ಮಂಥ ಕುಟುಂಬಗಳಿಗೆ ಅದು ಒಳ್ಳೆಯ ಬರಹಗಾರ. ಆದರೆ ಬರಹಗಾರ ಬೇರೆ, ಸಾಕ್ಷಿ ಬೇರೆ. ಹಿಂದೆ ಕಚೇರಿ ಮುಂದೆ ಅರ್ಜಿ ಬರೆದುಕೊಡುವವರು ಹೇಳಿದ್ದನ್ನು ಬರೆಯುತ್ತಿದ್ದರು. ಕೆಳಗೆ ಸಹಿ ಹಾಕುವವರು ನಾವೇ ಆಗಿದ್ದೆವು.

ಎಲ್ಲರ ವಿವರಣೆಯೂ ಚೆನ್ನಾಗಿದ್ದರೆ ಏನಾಗುತ್ತದೆ?

1970ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಹಳೆಯ ಕಾರುಗಳ ಮಾರುಕಟ್ಟೆಯ ಬಗ್ಗೆ ಒಂದು ಪ್ರಬಂಧ ಬರೆದರು. ಅಲ್ಲಿ ಕೆಟ್ಟ ಹಳೆಯ ಕಾರಿಗೆ ಆಡುಮಾತಿನಲ್ಲಿ ನಿಂಬೆಹಣ್ಣು ಎನ್ನುತ್ತಾರೆ. ಪ್ರಬಂಧದ ಹೆಸರಿನಲ್ಲೂ ನಿಂಬೆಹಣ್ಣೇ ಇದೆ. ಮಾಹಿತಿ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಇದ್ದರೆ ಮಾರುಕಟ್ಟೆಗೆ ಏನಾಗುತ್ತದೆ ಎಂದು ಅವರು ತೋರಿಸಿದರು. 2001ರಲ್ಲಿ ಮೈಕೆಲ್ ಸ್ಪೆನ್ಸ್ ಮತ್ತು ಜೋಸೆಫ್ ಸ್ಟಿಗ್ಲಿಟ್ಜ್ ಜೊತೆ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು.

ಅವರ ವಿಚಾರವನ್ನು ನಮ್ಮ ಮಟ್ಟಕ್ಕೆ ತಂದು ಒಂದು ಲೆಕ್ಕ ಮಾಡೋಣ. ಒಂದೇ ಮಾದರಿಯ ಎರಡು ಹಳೆಯ ಮೊಬೈಲ್ ಇವೆ. ಒಂದು ಚೆನ್ನಾಗಿದೆ, ಅದರ ಯೋಗ್ಯ ಬೆಲೆ 8,000 ರೂಪಾಯಿ. ಇನ್ನೊಂದರ ಒಳಗೆ ನೀರು ಹೋಗಿತ್ತು, ಅದರ ಯೋಗ್ಯ ಬೆಲೆ 3,000 ರೂಪಾಯಿ. ಯಾವುದು ಯಾವುದೆಂದು ಮಾರುವವರಿಗೆ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಆಗ ಬುದ್ಧಿವಂತ ಗ್ರಾಹಕ ನಡುವಿನ ಬೆಲೆಯಾದ 5,500 ಕೊಡಲು ಸಿದ್ಧನಾಗುತ್ತಾನೆ. 8,000ದ ಮೊಬೈಲನ್ನು 5,500ಕ್ಕೆ ಕೊಡಲು ಮನಸ್ಸಾಗದೆ ಅದರ ಒಡೆಯ ಮಾರುವುದನ್ನೇ ಬಿಡುತ್ತಾನೆ. ಮಾರುಕಟ್ಟೆಯಲ್ಲಿ ಉಳಿಯುವುದು ನೀರು ಹೋದ ಮೊಬೈಲ್ ಮಾತ್ರ. ಇದು ಗೊತ್ತಾದ ಮೇಲೆ ಗ್ರಾಹಕ 3,000ಕ್ಕಿಂತ ಹೆಚ್ಚು ಕೊಡುವುದಿಲ್ಲ. ಹೀಗೆ ಒಳ್ಳೆಯ ಸಾಮಾನು ಇರುವವರೇ ಮೊದಲು ಹೊರಗೆ ಹೋಗುತ್ತಾರೆ.

ಎಐ ಬರುವ ಮುಂಚೆ ವಿವರಣೆ ಓದಿಯೇ ಸ್ವಲ್ಪ ಅಂದಾಜು ಮಾಡಬಹುದಿತ್ತು. ಕೂತು ಹತ್ತು ಸಾಲು ಬರೆದವರು ಸಾಮಾನನ್ನೂ ಜೋಪಾನ ಮಾಡಿರಬಹುದು ಎಂದು ನಂಬಲು ಕಾರಣವಿತ್ತು, ಏಕೆಂದರೆ ಬರೆಯಲು ಶ್ರಮ ಬೇಕಿತ್ತು. ಅಕರ್ಲಾಫ್ ಜೊತೆ ಪ್ರಶಸ್ತಿ ಪಡೆದ ಸ್ಪೆನ್ಸ್ ಹೇಳಿದ್ದು ಇದಕ್ಕೆ ಹತ್ತಿರದ ಮಾತೇ. ಒಂದು ಸಂಕೇತಕ್ಕೆ ಬೆಲೆ ಬರುವುದು ಅದನ್ನು ಕೊಡಲು ಏನಾದರೂ ಖರ್ಚಾಗುವುದರಿಂದ, ಮತ್ತು ಕೆಟ್ಟ ಸರಕಿನವನಿಗೆ ಆ ಖರ್ಚು ಹೆಚ್ಚಾಗುವುದರಿಂದ. ಈಗ ಅಂದವಾದ ಹತ್ತು ಸಾಲು ಯಾರಿಗಾದರೂ ಹತ್ತು ಸೆಕೆಂಡಿನಲ್ಲಿ ಪುಕ್ಕಟೆ ಸಿಗುತ್ತದೆ. ನೀರು ಹೋದ ಮೊಬೈಲಿಗೂ "ಅತ್ಯುತ್ತಮ ಸ್ಥಿತಿ", ಚೆನ್ನಾಗಿರುವ ಮೊಬೈಲಿಗೂ "ಅತ್ಯುತ್ತಮ ಸ್ಥಿತಿ". ಹೀಗಾಗಿ ಅಂದವಾದ ಮಾತಿಗೆ ಇದ್ದ ಅಲ್ಪ ಬೆಲೆಯೂ ಹೋಯಿತು.

ಹಾಗಾದರೆ ಬೆಲೆ ಉಳಿದಿರುವುದು ಯಾವುದಕ್ಕೆ? ಎಐ ತಾನಾಗಿ ಬರೆಯಲು ಸಾಧ್ಯವಿಲ್ಲದ ಮಾತಿಗೆ. ಕೊಂಡ ವರ್ಷ, ಬಿಲ್ ಇದೆಯೇ ಇಲ್ಲವೇ, ಏನನ್ನು ಬದಲಿಸಿದ್ದೀರಿ, ಎಲ್ಲಿ ಕೆಟ್ಟಿದೆ, ಎಲ್ಲಿ ಬಂದು ಪರೀಕ್ಷಿಸಬಹುದು, ಇವುಗಳಿಗೆ. "ಜೀನ್ಸ್‌ನಲ್ಲಿ ಹೊಲಿಗೆ ತಪ್ಪುತ್ತದೆ" ಎಂಬ ಒಂದು ಸಾಲು ಇದ್ದದ್ದರಿಂದಲೇ ಉಳಿದ ಸಾಲುಗಳನ್ನೂ ಜನ ನಂಬಿದರು. ಲೆಕ್ಕಶಾಸ್ತ್ರದಲ್ಲಿ ನಾವು ಓದುವ ಪೂರ್ಣ ಪ್ರಕಟಣೆಯ ತತ್ವವೂ ಇದನ್ನೇ ಕೇಳುತ್ತದೆ. ಓದುವವರ ತೀರ್ಮಾನವನ್ನು ಬದಲಿಸಬಲ್ಲ ಯಾವ ಸಂಗತಿಯನ್ನೂ ಮುಚ್ಚಿಡಬಾರದು.

ಕಾನೂನು ಏನು ಹೇಳುತ್ತದೆ?

"ನಾನು ಅಂಗಡಿಯವನಲ್ಲ, ಹಳೆ ಸಾಮಾನಿಗೆ ನನ್ನದೇನು ಜವಾಬ್ದಾರಿ?" ಎಂದು ಹಲವರು ಕೇಳುತ್ತಾರೆ. ಇದರಲ್ಲಿ ಅರ್ಧ ಸತ್ಯವಿದೆ. 1930ರ ಸರಕುಗಳ ಮಾರಾಟ ಕಾಯಿದೆಯ 16ನೇ ಕಲಂ ಪ್ರಕಾರ ಗುಣಮಟ್ಟವನ್ನು ಪರೀಕ್ಷಿಸಿಕೊಳ್ಳುವ ಹೊಣೆ ಸಾಮಾನ್ಯವಾಗಿ ಕೊಳ್ಳುವವನದು. ಅದಕ್ಕಿರುವ ಮುಖ್ಯ ವಿನಾಯಿತಿಗಳು ಆ ಬಗೆಯ ಸರಕಿನ ವ್ಯಾಪಾರವನ್ನೇ ಮಾಡುವವರಿಗೆ ಅನ್ವಯಿಸುತ್ತವೆ. ಆದರೆ ಅದರ ಹಿಂದಿನ 15ನೇ ಕಲಂ ನೋಡಿ. ವಿವರಣೆಯ ಆಧಾರದ ಮೇಲೆ ಮಾರಾಟ ಮಾಡಿದರೆ, ಸರಕು ಆ ವಿವರಣೆಗೆ ಹೊಂದಿರಲೇಬೇಕು. ಇದು ಬರೆಯದಿದ್ದರೂ ಇರುವ ಷರತ್ತು. ಇಲ್ಲಿ ಅಂಗಡಿಯವರು, ಮನೆಯವರು ಎಂಬ ಭೇದವಿಲ್ಲ. ಅಂದರೆ ಮನೆಯಿಂದ ಮಾರುವವರನ್ನು ಕಾನೂನು ಹಿಡಿದಿಡುವುದು ಮುಖ್ಯವಾಗಿ ಅವರ ಮಾತಿನಿಂದಲೇ. ಅದೇ ಮಾತನ್ನು ನಾವು ಯಂತ್ರದ ಕೈಗೆ ಕೊಡುತ್ತಿದ್ದೇವೆ.

1872ರ ಭಾರತೀಯ ಒಪ್ಪಂದ ಕಾಯಿದೆಯ 18ನೇ ಕಲಂ ಇನ್ನೂ ಸ್ಪಷ್ಟ. ಒಬ್ಬ ವ್ಯಕ್ತಿ ತನ್ನ ಬಳಿ ಇರುವ ಮಾಹಿತಿಯ ಆಧಾರವಿಲ್ಲದೆ, ನಿಜವಲ್ಲದ ಸಂಗತಿಯನ್ನು ಖಚಿತವೆಂಬಂತೆ ಹೇಳಿದರೆ ಅದು ತಪ್ಪು ನಿರೂಪಣೆ. ತಾನು ಅದನ್ನು ನಿಜವೆಂದೇ ನಂಬಿದ್ದರೂ ಸರಿಯೆ. ಗೊತ್ತಿದ್ದೂ ಸುಳ್ಳು ಹೇಳಿದರೆ ಅದು 17ನೇ ಕಲಂ ಪ್ರಕಾರ ವಂಚನೆ. ಎರಡರಲ್ಲೂ, 19ನೇ ಕಲಂ ಪ್ರಕಾರ, ಮೋಸಹೋದವರು ಒಪ್ಪಂದವನ್ನು ರದ್ದುಪಡಿಸಲು ಅವಕಾಶವಿದೆ. ಎಐ ಬರೆದ "ನಿಯಮಿತವಾಗಿ ಸರ್ವಿಸ್ ಮಾಡಿಸಲಾಗಿದೆ" ಎಂಬ ಸಾಲನ್ನು ಓದದೆ ಹಾಕಿದರೆ, "ಅದು ಎಐ ಬರೆದದ್ದು" ಎನ್ನುವುದು ಉತ್ತರವಾಗುವುದಿಲ್ಲ. ಒಪ್ಪಂದದಲ್ಲಿ ಎಐ ಪಕ್ಷಗಾರನಲ್ಲ.

ನಮ್ಮ ವಯಸ್ಸಿನವರು ತಿಳಿಯಬೇಕಾದ ಇನ್ನೊಂದು ವಿಷಯವಿದೆ. ಅದೇ ಕಾಯಿದೆಯ 11ನೇ ಕಲಂ ಪ್ರಕಾರ 18 ವರ್ಷ ತುಂಬದವರಿಗೆ ಒಪ್ಪಂದ ಮಾಡಿಕೊಳ್ಳುವ ಅರ್ಹತೆ ಇಲ್ಲ. ಹಾಗೆಂದು ಸುಳ್ಳು ಹೇಳಲು ನಮಗೆ ರಿಯಾಯಿತಿ ಸಿಕ್ಕಿದೆ ಎಂದು ತಿಳಿಯಬೇಡಿ. ಪುಸ್ತಕ, ಕ್ಯಾಲ್ಕುಲೇಟರ್ ಬಿಟ್ಟು ಬೆಲೆಬಾಳುವ ಯಾವುದನ್ನೇ ಮಾರುವಾಗ ತಂದೆ, ತಾಯಿ ಅಥವಾ ಮನೆಯ ಹಿರಿಯರ ಹೆಸರಿನಲ್ಲಿ, ಅವರ ಮುಂದೆಯೇ ವ್ಯವಹಾರ ಮಾಡಿ.

ಐಬು ಎಂಬ ಪದ

ಕನ್ನಡದಲ್ಲಿ ದೋಷಕ್ಕೆ ಐಬು ಎನ್ನುತ್ತಾರೆ. ನಮ್ಮ ಮನೆಯ ಉರ್ದುವಿನಲ್ಲಿ ಐಬ್. ಮೂಲ ಅರಬ್ಬಿ ಪದ. ಖರೀದಿ, ರಶೀದಿ, ಬಾಕಿ, ಜಮಾ, ದಲ್ಲಾಳಿ ಇವೂ ಇದೇ ದಾರಿಯಲ್ಲಿ ಬಂದು ಕನ್ನಡದ ಅಂಗಡಿಯಲ್ಲಿ ಕೂತ ಪದಗಳು. ವ್ಯಾಪಾರದ ಇಸ್ಲಾಮೀ ನಿಯಮಗಳಲ್ಲಿ ಐಬಿಗೆ ದೊಡ್ಡ ಸ್ಥಾನವಿದೆ. ಮುಚ್ಚಿಟ್ಟ ಐಬು ನಂತರ ಕಂಡುಬಂದರೆ ಸರಕು ಹಿಂತಿರುಗಿಸುವ ಹಕ್ಕು ಕೊಂಡವರಿಗಿದೆ. ಸಹೀಹ್ ಮುಸ್ಲಿಂ ಹದೀಸ್ ಸಂಗ್ರಹದಲ್ಲಿ ಬರುವ ಒಂದು ಪ್ರಸಂಗ ಹಲವರಿಗೆ ಗೊತ್ತಿರಬಹುದು. ಪ್ರವಾದಿ ಮುಹಮ್ಮದ್ (ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗಿನ ಧಾನ್ಯ ಒದ್ದೆಯಾಗಿತ್ತು. ಮಳೆಗೆ ನೆನೆದಿದೆ ಎಂದು ವ್ಯಾಪಾರಿ ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೆ ಏಕೆ ಇಡಲಿಲ್ಲ ಎಂದು ಅವರು ಕೇಳಿದರು. ನೆನೆದ ಧಾನ್ಯವನ್ನು ಮಾರಬೇಡ ಎಂದು ಅವರು ಹೇಳಲಿಲ್ಲ ಎಂಬುದನ್ನು ಗಮನಿಸಿ. ಮೇಲೆ ಇಡು ಎಂಬುದೇ ಆ ಪ್ರಶ್ನೆಯ ಅರ್ಥ. ವಿವರಣೆಯಲ್ಲಿ ಐಬಿನ ಸಾಲನ್ನು ಮೊದಲೇ ಬರೆಯುವುದೂ ಅದೇ ಕೆಲಸ.

ಐಬು ಹೇಳಿದರೆ ಸಾಮಾನು ಹೋಗುವುದಿಲ್ಲ ಎಂಬ ಭಯಕ್ಕೆ ಇಬೇ ಕಂಪನಿಯ ಚರಿತ್ರೆಯಲ್ಲೇ ಉತ್ತರವಿದೆ. 1995ರ ಸೆಪ್ಟೆಂಬರ್‌ನಲ್ಲಿ ಪಿಯರ್ ಒಮಿಡ್ಯಾರ್ ಅದನ್ನು ಆಕ್ಷನ್‌ವೆಬ್ ಎಂಬ ಹೆಸರಿನಲ್ಲಿ ಶುರುಮಾಡಿದಾಗ ಅಲ್ಲಿ ಮೊದಲು ಮಾರಾಟವಾದದ್ದು ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್. ಬೆಲೆ 14.83 ಡಾಲರ್. ಇದು ಕೆಟ್ಟಿದೆ ಎಂದು ಗೊತ್ತಿದೆಯಲ್ಲವೇ ಎಂದು ಒಮಿಡ್ಯಾರ್ ಕೊಂಡವನನ್ನು ಕೇಳಿದಾಗ, ತಾನು ಕೆಟ್ಟ ಲೇಸರ್ ಪಾಯಿಂಟರ್‌ಗಳನ್ನೇ ಸಂಗ್ರಹಿಸುತ್ತೇನೆ ಎಂದು ಆತ ಹೇಳಿದನಂತೆ.

ಹೀಗೆ ಮಾಡಿ ನೋಡಿ

ಮೊದಲು ಎಐ ತೆರೆಯಬೇಡಿ. ಕಾಗದ ತೆಗೆದುಕೊಂಡು ಆರು ಸಂಗತಿ ಬರೆಯಿರಿ: ಏನು ಮತ್ತು ಯಾವ ಮಾದರಿ, ಕೊಂಡ ವರ್ಷ, ಬಿಲ್ ಇದೆಯೇ, ಏನನ್ನು ರಿಪೇರಿ ಮಾಡಿಸಿದ್ದೀರಿ, ಈಗ ಏನು ಕೆಟ್ಟಿದೆ, ಎಲ್ಲಿ ನೋಡಬಹುದು. ಮನೆಯಲ್ಲಿ ಆ ಸಾಮಾನನ್ನು ನಿಜವಾಗಿ ಬಳಸಿದವರನ್ನು ಕೇಳಿ ಬರೆಯಿರಿ. ಪಠ್ಯಪುಸ್ತಕವಾದರೆ ಯಾವ ವರ್ಷದ ಮುದ್ರಣ, ಪೆನ್ನಿನಿಂದ ಗೆರೆ ಹಾಕಿದ್ದೀರಾ, ಪುಟಗಳು ಪೂರ್ತಿ ಇವೆಯೇ ಎಂದು ಬರೆಯಿರಿ. ಮೊಬೈಲಾದರೆ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಡಿಸ್‌ಪ್ಲೇ ಬದಲಿಸಿದ್ದೀರಾ ಎಂದು ಬರೆಯಿರಿ.

ಆಮೇಲೆ ಆ ಪಟ್ಟಿಯನ್ನು ಎಐಗೆ ಕೊಟ್ಟು, ಇದರಲ್ಲಿ ಇಲ್ಲದ್ದನ್ನು ಸೇರಿಸಬೇಡ ಎಂದು ಹೇಳಿ. ಕೊಳ್ಳುವವರು ಇನ್ನೇನು ಕೇಳಬಹುದು ಎಂದೂ ಅದನ್ನು ಕೇಳಿ. ಈ ಕೆಲಸವನ್ನು ಅದು ಚೆನ್ನಾಗಿ ಮಾಡುತ್ತದೆ, ನಾವು ಬರೆಯಲು ಮರೆತದ್ದು ಆಗ ನೆನಪಿಗೆ ಬರುತ್ತದೆ. ಬಂದ ಬರಹದ ಒಂದೊಂದು ವಾಕ್ಯಕ್ಕೂ ಬೆರಳಿಟ್ಟು "ಇದನ್ನು ಯಾರು ಹೇಳಿದ್ದು?" ಎಂದು ಕೇಳಿಕೊಳ್ಳಿ. ಪಟ್ಟಿಯಲ್ಲಿ ಇಲ್ಲದಿದ್ದರೆ ಅಳಿಸಿ. "ಹೊಸದರಂತಿದೆ", "ಯಾವುದೇ ಸಮಸ್ಯೆ ಇಲ್ಲ", "ವಾರಂಟಿ ಇದೆ" ಎಂಬ ಮೂರು ಮಾತುಗಳನ್ನು ವಿಶೇಷವಾಗಿ ಹುಡುಕಿ.

ಬೆಲೆಯನ್ನು ಎಐ ಮೇಲೆ ಬಿಡಬೇಡಿ. ನಾವು ಲೆಕ್ಕದಲ್ಲಿ ಹಾಕುವ ಸವಕಳಿಯೂ ಇಲ್ಲಿ ಪೂರ್ತಿ ನೆರವಾಗುವುದಿಲ್ಲ, ಏಕೆಂದರೆ ಪುಸ್ತಕ ಮೌಲ್ಯ ಬೇರೆ, ಪೇಟೆಯ ಬೆಲೆ ಬೇರೆ. ನಮ್ಮ ಊರಿನಲ್ಲಿ ಅಂಥದ್ದೇ ಸಾಮಾನು ಎಷ್ಟಕ್ಕೆ ಹೋಗುತ್ತಿದೆ ಎಂದು ನೋಡಿ, ರಿಪೇರಿಯವರನ್ನೂ ಒಂದು ಮಾತು ಕೇಳಿ. ಫೋಟೊ ನಿಮ್ಮದೇ ಇರಲಿ, ಐಬು ಇರುವ ಜಾಗದ್ದೂ ಒಂದು ಇರಲಿ.

ಬಿಲ್ಲಿನ ಫೋಟೊ, ಮನೆ ವಿಳಾಸ, ಮೊಬೈಲಿನ ಐಎಂಇಐ ಸಂಖ್ಯೆಯನ್ನು ಎಐಗೂ ಕೊಡಬೇಡಿ, ಜಾಹೀರಾತಿನಲ್ಲೂ ಹಾಕಬೇಡಿ. ಕೊಳ್ಳುವವರು ಎದುರಿಗೆ ಬಂದಾಗ *#06# ಒತ್ತಿ ಐಎಂಇಐ ತೋರಿಸಿ. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಆ ಸಂಖ್ಯೆ ಹಾಕಿ ಅವರು ಪರೀಕ್ಷಿಸಿಕೊಳ್ಳಬಹುದು. ಮಾರುವವರಿಗೂ ಮೋಸವಾಗುತ್ತದೆ. ಹಣ ಕಳುಹಿಸುತ್ತೇನೆ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಎಂದು ಯಾರಾದರೂ ಹೇಳಿದರೆ ಅದು ಮೋಸ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಾಗಿಲ್ಲ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಸರಕುಗಳ ಮಾರಾಟ ಕಾಯಿದೆಯ ವರ್ಷವೂ ಸೈಬರ್ ಸಹಾಯವಾಣಿಯ ಸಂಖ್ಯೆಯೂ ಒಂದೇ ಆಗಿರುವುದರಿಂದ ವಾಣಿಜ್ಯ ವಿದ್ಯಾರ್ಥಿಗಳು ಮರೆಯುವ ಪ್ರಶ್ನೆಯೇ ಇಲ್ಲ.

ಕೊನೆಯಲ್ಲಿ ಒಂದು ಕೋರಿಕೆ. ಈ ವರ್ಷ ಪರೀಕ್ಷೆಯ ನಂತರ ನಮ್ಮ ತರಗತಿಯ ಗುಂಪುಗಳಲ್ಲಿ ಪುಸ್ತಕ ಮಾರುವವರು ವಿವರಣೆಯಲ್ಲಿ "ಐಬು" ಎಂದೇ ಒಂದು ಸಾಲು ಇಡೋಣ. ಏನೂ ಇಲ್ಲದಿದ್ದರೆ ಪುಟ ತಿರುವಿ ನೋಡಿದ ಮೇಲೆ "ಇಲ್ಲ" ಎಂದು ಬರೆಯೋಣ. ವಾಣಿಜ್ಯ ವಿಭಾಗದ ಉಪನ್ಯಾಸಕರು ಒಪ್ಪಿದರೆ ಆ ಆರು ಸಂಗತಿಗಳ ಒಂದು ಮಾದರಿಯನ್ನು ಸೂಚನಾ ಫಲಕದಲ್ಲಿ ಕನ್ನಡ, ಉರ್ದು ಎರಡರಲ್ಲೂ ಹಾಕಬಹುದು. ಮುಂದಿನ ವರ್ಷ ಬರುವ ಪ್ರಥಮ ಪಿಯುಸಿಯವರು ನಮ್ಮ ಪುಸ್ತಕಗಳನ್ನು ನಂಬಿಕೆಯಿಂದ ಕೊಂಡುಕೊಳ್ಳಲಿ.